ಸಿಂಹಮೀನಿನ ಸೋಮವಾರ

"ಎರಡು ವಾರ ಉಪವಾಸ ಬಿದ್ದ ಮೀನಿನ ಹೊಟ್ಟಿ ಹಿಂಗಿರತೈತೇನಪ್ಪ?" ಎಂದು ಕನಕರಾಯ ಕೇಳಿದ.

ಸಬ್ ಇನ್ಸ್‌ಪೆಕ್ಟರ್ ಶಿವಶರಣಪ್ಪ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡು ಗಾಜಿನ ತೊಟ್ಟಿಯ ಮುಂದೆ ಬಗ್ಗಿದ. ಒಳಗೆ ಅಂಗೈಯಗಲದ ಸಿಂಹಮೀನು ನಿಂತಲ್ಲೇ ನಿಂತಿತ್ತು. ಮೈತುಂಬ ಕೆಂಪು ಬಿಳಿ ಪಟ್ಟೆ, ಎರಡೂ ಬದಿಗೆ ಬಿಚ್ಚಿದ ಬೀಸಣಿಗೆಯಂಥ ರೆಕ್ಕೆ, ಬೆನ್ನ ಮೇಲೆ ಸಾಲಾಗಿ ವಿಷದ ಮುಳ್ಳು. ಇಷ್ಟು ಅಲಂಕಾರದ ಕೆಳಗೆ ಹೊಟ್ಟೆ ಮಾತ್ರ ಬೀಗರೂಟ ಮುಗಿಸಿ ಎದ್ದವರ ಹೊಟ್ಟೆಯಂತೆ ಒಂದು ಕಡೆಗೆ ಉಬ್ಬಿತ್ತು.

"ಮೀನಿನ ಹೊಟ್ಟಿ ನಾ ಎಲ್ಲಿ ನೋಡೀನ್ರೀ ಸರ. ನಮ್ಮ ಮನ್ಯಾಗ ಅದರ ಹೆಸರು ತಗೊಂಡ್ರ ಬಾಯಿ ಮುಕ್ಕಳಿಸಬೇಕು. ಪಾಚಿ ತಿಂದಿರಬೇಕು ಬಿಡ್ರಿ."

"ಹುಲಿ ಹುಲ್ಲು ತಿನ್ನತೈತೇನು? ಇದೂ ತಿನ್ನಂಗಿಲ್ಲ."

ಸಿಂಧನೂರಿನ ಅಕ್ಕಿ ಗಿರಣಿಯ ಧಣಿ ಸೂಗಪ್ಪನ ಹೆಣ ಸಾಲಗುಂದದ ಹತ್ತಿರ ಕಾಲುವೆಯ ತೂಬಿನಲ್ಲಿ ಸಿಕ್ಕು, ಮಸ್ಕಿಯ ಮೀನುಗಾರ ಪಕೀರಪ್ಪ ಆ ಕೊಲೆಗೆ ಲಾಕಪ್ಪು ಸೇರಿ, ಗಿರಣಿಯ ಹಿಂದಿನ ಈ ಕೋಣೆಗೆ ಠಾಣೆಯ ಬೀಗ ಬಿದ್ದು ಎರಡು ವಾರವಾಗಿತ್ತು. ಬೀಗ ಹಾಗೆಯೇ ಇತ್ತು. ಅದರ ಕೀಲಿ ಶಿವಶರಣಪ್ಪನ ಜೇಬು ಬಿಟ್ಟು ಕದಲಿರಲಿಲ್ಲ. ಕಿಟಕಿಗೆ ಕಬ್ಬಿಣದ ಸರಳು. ಜಪ್ತಿಯಾದ ಮೀನು ಸತ್ತರೆ ಮತ್ತೊಂದು ಪಂಚನಾಮೆ ಬರೆಯಬೇಕಲ್ಲ ಎಂಬ ಅಳುಕಿಗೆ ಗಾಳಿ ಊದುವ ಮೋಟರನ್ನು ಮಾತ್ರ ನಿಲ್ಲಿಸಿರಲಿಲ್ಲ. ಅದು ಗುಂಯ್ ಎನ್ನುತ್ತ ನಡೆದೇ ಇತ್ತು.

ಕನಕರಾಯ ಮೂಲೆಯಲ್ಲಿದ್ದ ಸಣ್ಣ ಫ್ರಿಜ್ಜು ತೆರೆದ. ಕಾಲುವೆಯ ನೀರಿಗೆ ಬಂದು ನೆಲೆಸಿದ ಕ್ಯಾಂಪಿನ ಆಂಧ್ರದವರು ಕರಾವಳಿಯಿಂದ ಮಂಜುಗಡ್ಡೆಯಲ್ಲಿಟ್ಟು ತರಿಸುವ ಸಿಗಡಿಯ ಪೊಟ್ಟಣ ಅದರಲ್ಲಿತ್ತು. ತೊಟ್ಟಿಯ ಪಕ್ಕದಲ್ಲಿ ಜೋಳದ ದಂಟಿನಿಂದ ಸೀಳಿದ ಉದ್ದನೆಯ ಸಿಬಿರು. ಒಂದು ಸಿಗಡಿಯನ್ನು ಸಿಬಿರಿನ ತುದಿಗೆ ಚುಚ್ಚಿ ನೀರಿಗಿಳಿಸಿ, ಜೀವ ಇದ್ದದ್ದು ಈಜಿದ ಹಾಗೆ ಮೆಲ್ಲಗೆ ಅಲ್ಲಾಡಿಸಿದ.

ಮೀನು ಒಂದು ಕಣ್ಣಿನಿಂದ ನೋಡಿತು. ಆಮೇಲೆ ಬೆನ್ನು ತಿರುಗಿಸಿತು.

"ಹೊಟ್ಟಿ ತುಂಬಿದ ಮ್ಯಾಲ ಹುಗ್ಗಿ ಮುಳ್ಳು ಅಂತಾರಲ್ಲ, ಹಂಗ," ಎಂದ ಕನಕರಾಯ. "ನಿನ್ನೆ ಸಂಜಿಗಿ ಯಾರೋ ಉಣಿಸ್ಯಾರ."

ಶಿವಶರಣಪ್ಪ ಬಾಗಿಲ ಬೀಗವನ್ನು ನೋಡಿದ, ತನ್ನ ಜೇಬನ್ನು ಮುಟ್ಟಿ ನೋಡಿಕೊಂಡ.

*

ಕನಕರಾಯನಿಗೆ ಮೀನಿನ ವಿದ್ಯೆ ಹುಟ್ಟಿನಿಂದ ಬಂದದ್ದಲ್ಲ. ಸಿ.ಐ.ಡಿ.ಯಲ್ಲಿ ಅರ್ಧ ಆಯುಷ್ಯ ಸವೆಸಿ ಲಿಂಗಸುಗೂರಿನ ಮನೆಯಲ್ಲಿ ಕಾಲು ಚಾಚಿ ಕೂತಿದ್ದವನನ್ನು ಪಕೀರಪ್ಪನ ಹೆಂಡತಿ ಹುಸೇನಮ್ಮ ಬಂದು ಎಬ್ಬಿಸಿದ್ದಳು. ಅವಳು ಅತ್ತಳೆಂದು ಅವನು ಎದ್ದು ಬಂದದ್ದೂ ಅಲ್ಲ. ಅಳುವವರನ್ನು ಅವನು ಬೇಕಾದಷ್ಟು ನೋಡಿದ್ದ. ಒಂದು ಕೊಲೆಯ ಬಗ್ಗೆ ಮೂರು ತಾಲೂಕಿನ ಜನ ಒಂದೇ ಮಾತು ಹೇಳಿದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ, ಅಷ್ಟೇ.

ಆ ಒಂದೇ ಮಾತು ಇದು. ಸೂಗಪ್ಪ ಮೊದಲ ಸಲ ಮದ್ರಾಸಿನಿಂದ ಒಂದು ಸಿಂಹಮೀನು ತಂದ. ಅದರ ಬಣ್ಣ ನೋಡಿ ಕೊಂಡನೇ ಹೊರತು ಬಾಯಿ ನೋಡಿ ಅಲ್ಲ. ಅದಕ್ಕೆ ಪಕೀರಪ್ಪ ದಿನವೂ ಕಾಲುವೆಯಲ್ಲಿ ಹಿಡಿದ ಜೀವಂತ ಸಣ್ಣ ಮೀನು ತಂದು ಹಾಕಿದ. ಸಮುದ್ರದ ಜೀವಕ್ಕೆ ಸಿಹಿನೀರಿನ ಮೀನನ್ನೇ ಬರೀ ತಿನ್ನಿಸಿದರೆ ಯಕೃತ್ತು ಕೊಬ್ಬಿ ಕೆಡುತ್ತದೆಂದು ಇಬ್ಬರಿಗೂ ತಿಳಿಯದು. ಮೀನು ಸತ್ತಿತು. ಸೂಗಪ್ಪ ಮಸ್ಕಿಯ ಬಸ್ ನಿಲ್ದಾಣದಲ್ಲಿ ಹತ್ತು ಜನರೆದುರು ಪಕೀರಪ್ಪನ ಕೆನ್ನೆಗೆ ಹೊಡೆದ. ಪಕೀರಪ್ಪ, "ನಿನ್ನನ್ನ ಅದ ಕಾಲಿವಿ ಮೀನಿಗೆ ಹಾಕದಿದ್ರ ಕೇಳು," ಅಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದೆ ಸೂಗಪ್ಪನ ಹೆಣ ಅದೇ ಕಾಲುವೆಯಲ್ಲಿ ಸಿಕ್ಕಾಗ ಆ ಹತ್ತು ಜನ ನೂರಾಗಿದ್ದರು.

ನಡುವೆ ಸೂಗಪ್ಪ ಮತ್ತೆ ಮದ್ರಾಸಿಗೆ ಹೋಗಿ ಎರಡನೆಯ ಮೀನು ತಂದಿದ್ದ. ಅದೇ ಈಗಿನದು. ಶನಿವಾರ ಬಸ್ ನಿಲ್ದಾಣದ ಎದುರಿನ ಎಸ್.ಟಿ.ಡಿ. ಬೂತಿನಿಂದ ಕನಕರಾಯ ಮದ್ರಾಸಿನ ಅಂಗಡಿಯವನೊಡನೆ ಮಾತಾಡಿದ್ದ. ಗಿರಾಕಿ ಎರಡನೆಯ ಸಲ ಬಂದಾಗ ಬಲು ಜಾಣನಾಗಿದ್ದನೆಂದು ಅಂಗಡಿಯವನು ನಕ್ಕ. ಮುದಗಲ್ಲಿನ ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುವವರಂತೆ ನೋಡಿದನಂತೆ. ಕಣ್ಣು ತಿಳಿಯಾಗಿವೆಯೇ, ರೆಕ್ಕೆ ಹರಿದಿದೆಯೇ, ಮೂಲೆ ಹಿಡಿದು ಏದುಸಿರು ಬಿಡುತ್ತದೆಯೇ. ಕೊನೆಗೆ, ನನ್ನ ಕಣ್ಣೆದುರು ಉಣ್ಣಲಿ, ಆಮೇಲೆ ಕೊಳ್ಳುತ್ತೇನೆ ಅಂದನಂತೆ. ಮಾರನೆಯ ದಿನ ಮತ್ತೆ ಬಂದು ಮತ್ತೆ ಉಣ್ಣಿಸಿ ನೋಡಿದನಂತೆ. ಸತ್ತ ಸಿಗಡಿಯನ್ನು ಕಡ್ಡಿಯ ತುದಿಯಿಂದ ಈಸಿಕೊಳ್ಳಲು ಕಲಿತ ಮೀನನ್ನೇ ಆರಿಸಿ ಒಯ್ದನಂತೆ.

"ಹಸಿದರೆ ಅದು ಗಾಜಿಗೆ ಬಂದು ಮನುಷ್ಯರನ್ನು ಹುಡುಕುತ್ತದೆ," ಎಂದಿದ್ದ ಅಂಗಡಿಯವನು. "ಕಡ್ಡಿ ಕಂಡರೆ ಬಿಡುವುದಿಲ್ಲ. ಮರಿ ಇನ್ನೂ, ದಿನಕ್ಕೊಮ್ಮೆ ಕೊಡಿ. ಕೈ ಮಾತ್ರ ನೀರಿಗೆ ಹಾಕಬೇಡಿ. ನಿಮ್ಮ ಲಾರಿಯ ಹುಡುಗನಿಗೆ ಎಲ್ಲ ಗೊತ್ತು. ಈ ಸಲ ಸಮುದ್ರದ ನೀರಿಗೆ ಅವನು ಬರಲೇ ಇಲ್ಲವಲ್ಲ?"

ಅಕ್ಕಿ ಹೊತ್ತು ಮದ್ರಾಸಿಗೆ ಹೋದ ಲಾರಿ ಕ್ಯಾನುಗಳಲ್ಲಿ ಸಮುದ್ರದ ನೀರು ತುಂಬಿಕೊಂಡು ಬರುತ್ತಿತ್ತು. ದುಡ್ಡಿದ್ದವನ ಹುಚ್ಚಿಗೆ ಊರೇ ನೀರು ಹೊರುತ್ತದೆಂದು ಕನಕರಾಯ ಅಂದುಕೊಂಡ. ಅಂಗಡಿಯವನ ಪ್ರಶ್ನೆಯ ಬೆಲೆ ಅವನಿಗೆ ಆಗ ತಿಳಿಯಲಿಲ್ಲ.

ಈಗ, ಮರುದಿನ, ಕೋಣೆಯಲ್ಲಿ ಅವನು ಮತ್ತೊಂದು ಸಂಗತಿ ನೋಡಿದ. ಸಿಂಧನೂರಿನ ಬೇಸಿಗೆಗೆ ಮಡಕೆಯ ನೀರೇ ಅರ್ಧಕ್ಕಿಳಿಯುತ್ತದೆ. ತೊಟ್ಟಿಯ ನೀರು ಮಾತ್ರ ಅಂಚಿನ ಕೆಂಪು ಗೆರೆಯ ಸರಿಸಮ ನಿಂತಿತ್ತು. ಉಣಿಸುವವನು ನೀರೂ ತುಂಬುತ್ತಿದ್ದ.

"ಇದೇನು?" ಎಂದು ಗೋಡೆಯ ಕಡೆ ಕೈ ತೋರಿಸಿದ. ಖಾಲಿ ಕ್ಯಾನುಗಳನ್ನು ಒಟ್ಟಿದ್ದರ ಹಿಂದೆ ಒಂದು ಒಂಟಿ ಕದ.

"ತೌಡಿನ ಗೋದಾಮಿನ ಬಾಗಲರೀ. ಆ ಕಡಿಯಿಂದ ಕೀಲಿ ಹಾಕೈತಿ. ಗೋದಾಮು ದಾಟಿದ್ರ ಅವರ ಮನಿ ಹಿತ್ತಲ."

"ನೀ ಇದಕ್ಕ ಬೀಗ ಹಾಕಲಿಲ್ಲ."

"ಇದು ಬಾಗಲಂತ ಯಾರಿಗೂ ಅನಸಲಿಲ್ಲರಿ," ಎಂದು ಶಿವಶರಣಪ್ಪ ನೆಲ ನೋಡಿದ. ಹಿಂದೊಮ್ಮೆ ಕನಕರಾಯನ ಕೈಕೆಳಗೆ ಕೆಲಸ ಕಲಿತವನು ಅವನು. ಬೈಗುಳ ಬರುವ ಹೊತ್ತು ಅವನಿಗೆ ಗೊತ್ತಿತ್ತು.

ಬೈಗುಳ ಬರಲಿಲ್ಲ. ಕನಕರಾಯ ಕ್ಯಾನುಗಳನ್ನು ಮುಟ್ಟದೆ ಬಗ್ಗಿದ. ಕದದ ಕೆಳಗೆ ಹಳದಿ ತೌಡಿನ ಹುಡಿ ಚದುರಿತ್ತು. ನೆಲದ ಮೇಲೆ ಬಿದ್ದಿದ್ದ ಒಂದು ಭತ್ತದ ಕಾಳು ಆರಿಸಿ, ಕದಕ್ಕೂ ಚೌಕಟ್ಟಿಗೂ ನಡುವಿನ ಸಂದಿಗೆ ಸಿಕ್ಕಿಸಿದ. ಕದ ಎಳೆದರೆ ಕಾಳು ಬೀಳಬೇಕು. ಗಿರಣಿಯಲ್ಲಿ ಭತ್ತದ ಕಾಳು ಬಿದ್ದರೆ ಯಾರು ನೋಡುತ್ತಾರೆ?

*

ಹೊರಗೆ ಗೇಟಿನ ನೆರಳಿನಲ್ಲಿ ಹುಸೇನಮ್ಮ ಕೂತಿದ್ದಳು. ದಿನವೂ ಮಸ್ಕಿಯ ಮೊದಲ ಬಸ್ಸಿಗೆ ಬಂದು ಗಂಡನಿಗೆ ಠಾಣೆಯಲ್ಲಿ ರೊಟ್ಟಿ ಕೊಟ್ಟು, ಆಮೇಲೆ ಇಲ್ಲಿ ಬಂದು ಕೂರುವುದು ಅವಳ ಕ್ರಮವಾಗಿತ್ತು. ಇಲ್ಲಿ ಕೂತು ಏನು ಮಾಡುತ್ತೀಯೆಂದರೆ, ಸುದ್ದಿ ಇಲ್ಲೇ ಹುಟ್ಟಬೇಕಲ್ಲ ಎನ್ನುತ್ತಿದ್ದಳು.

"ಗುರುವಾರ ಮತ್ತ ಕೋರ್ಟಿಗೆ ಒಯ್ತಾರಂತ್ರೀ," ಎಂದಳು. "ಅಲ್ಲಿಂದ ದೊಡ್ಡ ಜೈಲಿಗೆ ಹೋದ್ರ ಮುಗೀತು. ನಮ್ಮಂಥವರು ವಾಪಸ್ ಬರೋದು ನಾ ನೋಡಿಲ್ಲ."

"ನಿನ್ನ ಗಂಡ ಕೊಲಿ ಆದ ದಿನ ಸೂಗಪ್ಪನ ಕೂಡ ಈ ಕ್ವಾಣ್ಯಾಗ ಇದ್ದನಂತ. ಖರೇನ?"

"ಖರೇನ ರೀ. ಸುಳ್ಳು ಯಾಕ ಹೇಳಲಿ. ಮಗನ ಸುದ್ದಿ ಕೇಳಾಕ ಹೋಗಿದ್ದ. ನಮ್ಮ ಮೌಲಪ್ಪ ಇವರ ಲಾರಿ ಮ್ಯಾಲ ಕ್ಲೀನರ್ ಇದ್ದ. ಮದ್ರಾಸಿನಾಗ ಕೆಲಸ ಸಿಕ್ಕಾತಿ, ಉಳಕೊಂಡಾನ ಅಂತ ಸಾವ್ಕಾರ ಹೇಳಿ ಕಳಿಸಿದ."

"ಮಗನ ಮ್ಯಾಲ ಸೂಗಪ್ಪಗ ಸಿಟ್ಟಿರಲಿಲ್ಲೇನು, ಅಪ್ಪನ ಕೂಡ ಜಗಳಾದ ಮ್ಯಾಲ?"

"ಇಲ್ಲರಿ. ಅವನ ಮ್ಯಾಲ ಜೀವ ಇತ್ತು ಸಾವ್ಕಾರಗ. ಉಟ್ಟು ಬಿಟ್ಟ ಅಂಗಿ ಪ್ಯಾಂಟು ಎಲ್ಲಾ ಅವಂಗ ಕೊಡ್ತಿದ್ದ. ಅಳತಿ ತಗದು ಹೊಲಿಸಿದಂಗ ಕೂಡ್ತಿದ್ವು." ಹುಸೇನಮ್ಮ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ಈಗ ಅವ ಇದ್ದಿದ್ರ ಅಪ್ಪನ ಸಲುವಾಗಿ ಓಡ್ಯಾಡ್ತಿದ್ದ. ಒಂದ್ ಫೋನರ ಮಾಡಬೇಕಿಲ್ಲೋ ಹಲ್ಕಟ್."

ಆ ಹೊತ್ತಿಗೆ ಗಿರಣಿಯ ಪಕ್ಕದ ಮನೆಯಿಂದ ಸೂಗಪ್ಪನ ತಾಯಿ ವೀರಭದ್ರಮ್ಮ ಹೊರಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ಹಿತ್ತಾಳೆಯ ತಾಟು. ಮಣ್ಣು ಮಾಡಿದ ದಿನದಿಂದ ಅವಳು ಪ್ರತಿ ಬೆಳಿಗ್ಗೆ ಹೊಲದಲ್ಲಿರುವ ಮಗನ ಗದ್ದುಗೆಗೆ ಎಡೆ ಒಯ್ದು ಇಟ್ಟು ಬರುತ್ತಿದ್ದಳು. ಹುಸೇನಮ್ಮ ಎದ್ದು ನಿಂತಳು. ಮುದುಕಿ ಕೊಲೆಗಾರನ ಹೆಂಡತಿಯೆಂದು ಮುಖ ತಿರುಗಿಸಲೂ ಇಲ್ಲ, ಮಾತಾಡಿಸಲೂ ಇಲ್ಲ. ತನ್ನ ಪಾಡಿಗೆ ತಾನು ದಾಟಿ ಹೋದಳು.

ಅವರಿಬ್ಬರನ್ನೂ ನೋಡುತ್ತ ನಿಂತ ಕನಕರಾಯನಿಗೆ ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅನ್ನಿಸಿದ್ದನ್ನು ಕೇಸಿನೊಳಗೆ ಬಿಟ್ಟುಕೊಳ್ಳುವುದು ಅವನ ರೂಢಿಯಲ್ಲ.

*

ಸೋಮವಾರ ಬೆಳಿಗ್ಗೆ ಕಾಳು ಕೆಳಗೆ ಬಿದ್ದಿತ್ತು. ಮೀನಿನ ಹೊಟ್ಟೆ ಮತ್ತೆ ಉಬ್ಬಿತ್ತು. ಕನಕರಾಯ ಹೊಸ ಕಾಳು ಸಿಕ್ಕಿಸಿದ.

"ಇವತ್ತ ರಾತ್ರಿ ಒಬ್ಬ ಕಾನ್‌ಸ್ಟೇಬಲ್ಲನ್ನ ಒಳಗ ಕೂಡ್ರಸ್ತೀನ್ರೀ," ಎಂದ ಶಿವಶರಣಪ್ಪ.

"ನಿನ್ನ ಕಾನ್‌ಸ್ಟೇಬಲ್ ಇಲ್ಲಿ ಕೂಡ್ರೂದ್ರಾಗ ಚಾದಂಗಡ್ಯಾಗ ಸುದ್ದಿ ಕೂತಿರತೈತಿ. ಸುಮ್ನಿರು. ಕಳ್ಳನ್ನ ಹಿಡಿಯೂದಕ್ಕಿಂತ ಮೊದಲ ಅವ ಎಂಥಾವ ಅಂತ ತಿಳಕೋಬೇಕು."

ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದವನು ಹೊಸ್ತಿಲಲ್ಲೇ ನಿಂತ. ಸಿಂಹಮೀನು ಗಾಜಿಗೆ ಮೂತಿ ಹಚ್ಚಿ ಕಾಯುತ್ತಿತ್ತು. ಅವನು ಎಡಕ್ಕೆ ನಡೆದರೆ ಎಡಕ್ಕೆ ಬಂತು, ಬಲಕ್ಕೆ ನಡೆದರೆ ಬಲಕ್ಕೆ. ಸಿಬಿರು ಕೈಗೆತ್ತಿಕೊಂಡದ್ದೇ ತಡ ರೆಕ್ಕೆಗಳನ್ನು ಅಗಲಿಸಿ ನೀರಿನ ಮೇಲ್ಮೈಗೆ ಏರಿತು. ಹೊಟ್ಟೆ ಚಪ್ಪಟೆಯಾಗಿತ್ತು.

ಕದದ ಸಂದಿಯಲ್ಲಿ ಭತ್ತದ ಕಾಳು ಇಟ್ಟಲ್ಲೇ ಇತ್ತು.

ಅವನು ಅದಕ್ಕೆ ಏನೂ ಕೊಡಲಿಲ್ಲ. ಕೊಟ್ಟರೆ ಲೆಕ್ಕ ತಪ್ಪುತ್ತಿತ್ತು. ಮೀನು ಅವನು ಹೋಗುವವರೆಗೂ ಗಾಜಿನುದ್ದಕ್ಕೂ ಹಿಂಬಾಲಿಸಿತು. ಕನಕರಾಯನಿಗೆ ಕೆಡುಕೆನಿಸಿತು.

ಬುಧವಾರ ಬೆಳಿಗ್ಗೆ ಕಾಳು ಬಿದ್ದಿತ್ತು, ಹೊಟ್ಟೆ ತುಂಬಿತ್ತು.

"ಸೋಮಾರ ಒಂದಿನ ಅವಂಗ ಬರಾಕ ಆಗಿಲ್ಲ," ಎಂದ ಶಿವಶರಣಪ್ಪ. "ಏನೋ ಅಡಚಣಿ."

"ಸೋಮಾರ ನೀ ಏನು ಉಂಡಿ?"

"ನಾನೇನ್ರೀ? ಸೋಮಾರ ಒಪ್ಪತ್ತು. ಸಂಜಿಗಿ ಪೂಜಿ ಮಾಡಿ..." ಶಿವಶರಣಪ್ಪ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಮೀನನ್ನು ನೋಡಿದ. "ಮೀನಿಗೆ ಸೋಮಾರೇನ್ರೀ ಸರ?"

"ಮೀನಿಗಿಲ್ಲ. ಉಣಿಸಾವಂಗ ಐತಿ."

*

ಸೂಗಪ್ಪನ ಹೆಂಡತಿ ಪಂಪಮ್ಮನನ್ನು ಕರೆಸಿದಾಗ ಅವಳು ತಡಮಾಡದೆ ಬಂದಳು. ಮೂವತ್ತೈದರ ಹೆಂಗಸು, ಮಾತು ಕಡಿಮೆ, ನಡೆ ಗಟ್ಟಿ. ಹಿಂದೆಯೇ ವೀರಭದ್ರಮ್ಮನೂ ತಾಟು ಹಿಡಿದುಕೊಂಡು ಬಂದಳು. ಇನ್ನೂ ಹೊಲಕ್ಕೆ ಹೊರಟಿರಲಿಲ್ಲ. ಈ ಕೋಣೆಗೆ ಕಾಲಿಟ್ಟವಳಲ್ಲವಾದ್ದರಿಂದ ಹೊಸ್ತಿಲಾಚೆ ಜಗಲಿಯ ಮೇಲೆ ಕೂತಳು.

"ತಂಗಿ, ಈ ಮೀನಿಗೆ ಯಾರು ಉಣಸಾಕತ್ತಾರ?" ಎಂದು ಕನಕರಾಯ ನೇರವಾಗಿ ಕೇಳಿದ.

ಪಂಪಮ್ಮ ಅವನನ್ನು ನೋಡಿದಳು, ಒಳಬಾಗಿಲನ್ನು ನೋಡಲಿಲ್ಲ. ನೋಡಬಾರದೆಂದು ನಿರ್ಧರಿಸಿದವರು ಮಾತ್ರ ಅಷ್ಟು ಚೆನ್ನಾಗಿ ನೋಡದೆ ಇರುತ್ತಾರೆ.

"ನಾನ ರೀ," ಎಂದಳು. "ಗೋದಾಮಿನ ಕೀಲಿ ನನ್ನ ಕಡೆ ಐತಿ. ಅವರು ಹೋದ ಮ್ಯಾಲ ಅವರು ಸಾಕಿದ ಜೀವ ಹಸದು ಸಾಯಬಾರದು ಅಂತ. ಠಾಣೆ ಬೀಗ ಹಾಕಿದ ಕ್ವಾಣಿ ಅಂತ ಹೇಳಾಕ ಅಂಜಿದೆ. ತಪ್ಪಾತು."

ಶಿವಶರಣಪ್ಪನ ಮುಖದಲ್ಲಿ ನೆಮ್ಮದಿ ಮೂಡಿತು. ಬೀಗದ ಮಾನ ಉಳಿದಿತ್ತು.

"ದಿನಾ?"

"ದಿನಾ ರೀ. ದೀಪಾ ಹಚ್ಚಿದ ಮ್ಯಾಲ."

"ಸೋಮಾರನೂ?"

"ಸೋಮಾರನೂ. ಮೀನಿಗೆ ಯಾವ ವಾರ್ರೀ? ಒಂದು ದಿನನೂ ತಪ್ಪಿಸಿಲ್ಲ."

ಕನಕರಾಯ ತಲೆಯಾಡಿಸಿದ. "ತೊಟ್ಟ್ಯಾಗ ನೀರು ಇಳೀತೈತಿ. ಏನು ಹಾಕ್ತಿ?"

"ಆ ಕ್ಯಾನಿನ್ಯಾಗಿನ ಉಪ್ಪು ನೀರು. ಸಮುದ್ರದ ಮೀನಲ್ಲೇನ್ರೀ."

"ಕ್ಯಾನೆಲ್ಲಾ ಖಾಲಿ ಅದಾವ ತಂಗಿ. ಮತ್ತ, ಬಿಸಲಿಗೆ ಆರೂದು ಬರೇ ನೀರು. ಉಪ್ಪು ತಳದಾಗ ಉಳೀತೈತಿ. ಅದಕ್ಕ ಮತ್ತ ಉಪ್ಪು ನೀರ ಹಾಕ್ಕೋಂತ ಹೋಗಿದ್ರ ಈ ಹೊತ್ತಿಗೆ ಇದು ಉಪ್ಪಿನಕಾಯಿ ಆಗಿರತಿತ್ತು. ಸಾಕಿ ಬಲ್ಲಾವ ಸಿಹಿ ನೀರ ಹಾಕ್ಯಾನ."

ಪಂಪಮ್ಮ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು.

"ಹೋಗಲಿ. ಒಂದು ಸಿಗಡಿ ಉಣಿಸಿ ತೋರಸು, ನೋಡೂಣು."

ಅವಳು ಫ್ರಿಜ್ಜಿನ ಮುಂದೆ ಹೋಗಿ ನಿಂತಳು. ಹುಟ್ಟಿದಾಗಿನಿಂದ ಮೊಟ್ಟೆಯ ಸಿಪ್ಪೆಯನ್ನೂ ಮುಟ್ಟಿರದ ಕೈ ಅದು. ಪೊಟ್ಟಣದಿಂದ ಒಂದು ಸಿಗಡಿಯನ್ನು ಸೆರಗಿನ ತುದಿ ಸುತ್ತಿ ಎರಡೇ ಬೆರಳಲ್ಲಿ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಮಣಿಕಟ್ಟಿನವರೆಗೆ ಕೈಯನ್ನು ನೀರಿಗಿಳಿಸಿದಳು.

ಸಿಂಹಮೀನು ತಲೆ ತಗ್ಗಿಸಿತು. ಬೆನ್ನಿನ ಮುಳ್ಳುಗಳೆಲ್ಲ ಮುಂದಕ್ಕೆ ನಿಂತವು. ಓಡಲಿಲ್ಲ. ಮೆಲ್ಲಗೆ ಅವಳ ಕೈಯ ಕಡೆಗೇ ಬಂತು.

"ಕೈ ತಗಿ," ಎಂದ ಕನಕರಾಯ.

ಅವನು ದನಿ ಏರಿಸಲಿಲ್ಲ, ಆದರೆ ಅವಳು ಥಟ್ಟನೆ ತೆಗೆದಳು. ಸಿಗಡಿ ತಳಕ್ಕೆ ಹೋಗಿ ಬಿತ್ತು. ಮೀನು ಅದರತ್ತ ಸುಳಿಯಲೂ ಇಲ್ಲ.

"ಅದರ ಮುಳ್ಳು ತಾಕಿದ್ರ ಮೊಣಕೈತನ ಬಾವು ಬರತಿತ್ತು. ಒಂದ ಸಲ ಉಣಿಸಿದಾವಂಗೂ ಇದು ಗೊತ್ತಿರತೈತಿ. ಅದಕ್ಕ ಈ ಸಿಬರು ಐತಿ. ಇದು ನಿನ್ನ ಕಣ್ಣಿಗೇ ಬೀಳಲಿಲ್ಲ." ಅವನು ಸಿಬಿರನ್ನು ಎತ್ತಿ ಅವಳ ಮುಂದೆ ಹಿಡಿದ. "ನೀ ಕೀಲಿ ಕೊಟ್ಟಿ, ಅಷ್ಟ. ಉಣಿಸಾವ ಬ್ಯಾರೆ. ನಾಳೆ ಪಕೀರಪ್ಪನ್ನ ಕೋರ್ಟಿಗೆ ಒಯ್ತಾರ. ಯಾರನ್ನ ಮುಚ್ಚಿಡಾಕತ್ತಿ?"

ಪಂಪಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿದ್ದೇ ಒರೆಸಿದಳು.

"ಸೋಮಾರ ಉಣಿಸಿಲ್ಲೇನು ಅದಕ್ಕ?"

ಪ್ರಶ್ನೆ ಬಂದದ್ದು ಹೊಸ್ತಿಲಾಚೆಯಿಂದ. ವೀರಭದ್ರಮ್ಮ ತಾಟನ್ನು ತೊಡೆಯ ಮೇಲಿಟ್ಟುಕೊಂಡು ಒಳಗೆ ನೋಡುತ್ತಿದ್ದಳು.

"ಇಲ್ಲಮ್ಮ," ಎಂದ ಕನಕರಾಯ. "ಐತಾರ ಉಣಿಸ್ಯಾರ, ಮಂಗಳಾರ ಉಣಿಸ್ಯಾರ. ಸೋಮಾರ ಕದಾನ ತಗದಿಲ್ಲ. ಯಾಕ?"

ಮುದುಕಿ ತಾಟಿನ ಮೇಲಿನ ಬಟ್ಟೆಯನ್ನು ಎಳೆದು ಸರಿಮಾಡಿದಳು.

"ಈ ಮೀನಿನ ತೊಟ್ಟಿ ಇಡೂ ದಿನ ನಾ ಉಂಡಿದ್ದಿಲ್ಲ," ಎಂದಳು. "ನಮ್ಮ ಜಾಗದಾಗ ಜೀವ ತಿನ್ನೂ ಜೀವ ಬ್ಯಾಡ ಅಂದೆ. ನನ್ನ ಮಗ ಕೇಳಲಿಲ್ಲ. ಕಡೀಕ ನಾನ ಸೋತು, ಶಿವನ ವಾರ ಒಂದಿನ ಅದರ ಬಾಯಿಗೆ ಏನೂ ಹಾಕಬ್ಯಾಡ, ನನ್ನ ಮ್ಯಾಲ ಆಣಿ ಮಾಡು ಅಂದೆ. ನನ್ನ ನೆತ್ತಿ ಮುಟ್ಟಿ ಆಣಿ ಮಾಡಿದ. ಯಾರ ಮುಂದೂ ಹೇಳಬ್ಯಾಡವ್ವ, ಮೀನಿಗೆ ಉಪವಾಸ ಹಾಕ್ಯಾನಂತ ಬಜಾರದಾಗ ನಗ್ತಾರ ಅಂದ. ನಾ ಹೇಳಿಲ್ಲ. ನನ್ನ ಸೊಸಿಗೂ ಹೇಳಿಲ್ಲ."

"ಮತ್ತ್ಯಾರಿಗೆ ಗೊತ್ತಿತ್ತು?"

"ನಂಗ, ಅವಂಗ."

ಮೋಟರು ಗುಂಯ್ ಎನ್ನುತ್ತಿತ್ತು. ಶಿವಶರಣಪ್ಪ ಗೋಡೆಗೆ ಒರಗಿದ. ಸತ್ತ ಸಿಗಡಿಯನ್ನು ತಿನ್ನುವ ಮೀನಿಗೆ ಸೋಮವಾರ ಕೊಟ್ಟರೆ ಯಾವ ಹೊಸ ಪಾಪವೂ ಇರಲಿಲ್ಲ. ಆದರೂ ಆಣೆ ಮಾಡಿದವನು ಕೊಟ್ಟಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಹೆಸರು, ಮನೆ, ಗಿರಣಿ, ಎಲ್ಲವನ್ನೂ ಹೆಣದೊಡನೆ ಮಣ್ಣಿಗೆ ಬಿಟ್ಟವನು ತಾಯಿಯ ನೆತ್ತಿಯ ಮೇಲಿನ ಆಣೆಯನ್ನು ಮಾತ್ರ ಬಿಟ್ಟಿರಲಿಲ್ಲ.

"ಹೆಣದ ಗುರ್ತು ಹಿಡದದ್ದು ಹೆಂಗ?" ಎಂದು ಕನಕರಾಯ ಶಿವಶರಣಪ್ಪನನ್ನು ಕೇಳಿದ. ಗೊತ್ತಿದ್ದೇ ಕೇಳಿದ.

"ಮುಖ ಉಳಿದಿದ್ದಿಲ್ಲರಿ. ಅಂಗಿ, ಪ್ಯಾಂಟು ಸೂಗಪ್ಪನವ. ಕೊಳ್ಳಾಗ ಅವನ ಬೆಳ್ಳಿ ಕರಡಿಗಿ. ಇವರ ನೋಡಿ ಹೌದಂದ್ರು," ಎಂದು ಅವನು ಪಂಪಮ್ಮನ ಕಡೆ ತೋರಿಸಿದ.

"ಕರಡಿಗ್ಯಾಗ ಲಿಂಗ ಇರಲಿಲ್ಲ," ಎಂದಳು ವೀರಭದ್ರಮ್ಮ.

ಎಲ್ಲರೂ ಅವಳ ಕಡೆ ತಿರುಗಿದರು.

"ಮಣ್ಣು ಮಾಡೂ ಮುಂದ ಎಡಗೈಯಾಗ ಲಿಂಗ ಇಡಬೇಕಂತ ಅಯ್ಯಗಳು ಕರಡಿಗಿ ಬಿಚ್ಚಿದ್ರು. ಖಾಲಿ ಇತ್ತು. ನೀರಾಗ ಹರದು ಹೋಗಿರಬೇಕು ಅಂದ್ರು, ಬ್ಯಾರೆ ಲಿಂಗ ತರಿಸಿಟ್ರು. ಮುಚ್ಚಳ ಬಿಗದಿತ್ತು. ಬಿಚ್ಚೂವಾಗ ಅಯ್ಯಗಳ ಉಗುರು ಮುರೀತು. ಅಷ್ಟು ಬಿಗಿದ ಕರಡಿಗ್ಯಾಗಿಂದ ಲಿಂಗ ಹೆಂಗ ಹೋಗತೈತಿ ಅಂತ ನಾ ಕೇಳಲಿಲ್ಲ. ಕೇಳೂ ಹೊತ್ತಲ್ಲ ಅದು."

"ಕರಡಿಗಿ ಬ್ಯಾರೇದವರ ಕೊಳ್ಳಿಗೆ ಹಾಕಬಹುದು," ಎಂದ ಕನಕರಾಯ. "ಜೀವ ಇರೂತನಕ ಲಿಂಗ ಕೊಡಾಕ ಬರಂಗಿಲ್ಲ."

ವೀರಭದ್ರಮ್ಮ ಜಗಲಿಯಿಂದ ಎದ್ದಳು. ಆ ಕೋಣೆಯ ಹೊಸ್ತಿಲನ್ನು ಮೊದಲ ಸಲ ದಾಟಿ ಒಳಗೆ ಬಂದಳು. ತೊಟ್ಟಿಯ ಮುಂದೆ ನಿಂತು, ತುಂಬಿದ ಹೊಟ್ಟೆಯ ಮೀನನ್ನು ಮೇಲಿಂದ ಕೆಳಗೆ ನೋಡಿದಳು.

"ನನ್ನ ಮಗ ಬದುಕ್ಯಾನ," ಎಂದಳು. ಅದರಲ್ಲಿ ಸಂತೋಷವೂ ಇತ್ತು, ಅದನ್ನು ನುಂಗುವಷ್ಟು ನೋವೂ ಇತ್ತು. "ದಿನಾ ಬಂದಾನ. ಹಿತ್ತಲ ಹಾಸುಗಲ್ಲಿನ ಮ್ಯಾಲ ನಾ ಕುಂತಿರ್ತೀನಿ. ನನ್ನ ಹಿಂದ ದಾಟಿ ಬಂದು ಮೀನಿಗೆ ಉಣಿಸಿ ಹೋಗ್ಯಾನ. ಇದರ ಹಸಿವು ನೆನಪಾಗೈತಿ ಅವಂಗ. ನಾ ಉಂಡೀನೋ ಇಲ್ಲೋ ಕೇಳಿಲ್ಲ."

"ಅತ್ತಿ," ಎಂದಳು ಪಂಪಮ್ಮ. ಅವಳ ಗಟ್ಟಿತನವೆಲ್ಲ ಆ ಒಂದು ಮಾತಿನಲ್ಲಿ ಇಳಿದು ಹೋಗಿತ್ತು. "ಅವರು ಕೊಂದಿಲ್ಲ ರೀ ಅತ್ತಿ. ನನ್ನ ಮ್ಯಾಲ ನಂಬಿಕಿ ಇಡ್ರಿ. ಅವರು ಕೊಂದಿಲ್ಲ."

"ಯಾರನ್ನ?" ಎಂದ ಕನಕರಾಯ.

ವೀರಭದ್ರಮ್ಮ ತಾಟಿನ ಮೇಲಿನ ಬಟ್ಟೆ ಸರಿಸಿದಳು. ಎರಡು ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಒಂದು ಮುದ್ದೆ ಬೆಣ್ಣೆ. ಅದನ್ನು ಸೊಸೆಯ ಕೈಗೆ ಕೊಟ್ಟಳು.

"ದಿನಾ ಎಣಗಾಯಿ ಮಾಡೀನಿ, ನನ್ನ ಮಗಗ ಸೇರತೈತಿ ಅಂತ. ಅವಂಗ ಏನು ಸೇರತಿತ್ತೋ ಏನೋ," ಎಂದಳು. "ಗುರ್ತು ಹಿಡದಾಕಿ ನೀನು. ನೀನ ಹೇಳವ್ವ. ನಮ್ಮ ಗದ್ದಿಗ್ಯಾಗ ಕುಂತಾವ ಯಾರು? ಅವನ ಹಡದಾಕಿಗೆ ಗೊತ್ತೈತೇನು?"

ಪಂಪಮ್ಮ ತಾಟು ಹಿಡಿದು ನಿಂತಳು. ಕನಕರಾಯ ಅವಸರ ಮಾಡಲಿಲ್ಲ.

"ಇನ್ನೂ ಗೊತ್ತಿಲ್ಲ ರೀ," ಎಂದಳು ಕೊನೆಗೆ. "ಹೊರಗ ಗೇಟಿನ್ಯಾಗ ಕುಂತಾಳ. ಗಂಡನ್ನ ಬಿಡಿಸಿಕೊಂಡು ಹೋಗಾಕ."

ಲಾರಿಯ ಹುಡುಗ ಈ ಸಲ ಸಮುದ್ರದ ನೀರಿಗೆ ಯಾಕೆ ಬರಲಿಲ್ಲವೆಂದು ಕನಕರಾಯನಿಗೆ ಈಗ ತಿಳಿಯಿತು. ಅವನು ಕಿಟಕಿಯ ಸರಳಿನ ಆಚೆ ನೋಡಿದ. ಗೇಟಿನ ನೆರಳಿನಲ್ಲಿದ್ದ ಹುಸೇನಮ್ಮ ಅವನು ನೋಡಿದ್ದನ್ನು ಕಂಡಳು. ಸುದ್ದಿ ಬಂತೆಂದುಕೊಂಡು, ಸೆರಗು ಸರಿಮಾಡಿಕೊಂಡು, ಎದ್ದು ನಿಂತಳು.